ಟ್ರ್ಯಾಕ್ ಡೇಗೆ ಎಂಎಕ್ಸ್-5 ಅಲೈನ್‌ಮೆಂಟ್ (ಚಕ್ರಗಳ ಕೋನಗಳ ಹೊಂದಾಣಿಕೆ) ಎಷ್ಟಿರಬೇಕು? ಮನೆಯಲ್ಲೇ ಮಾಡಿಕೊಳ್ಳಬಹುದೇ?

2001ರ ಮಾಜ್ಡಾ ಎಂಎಕ್ಸ್-5, ಕ್ಯಾಲಿಫೋರ್ನಿಯಾದ ರೇಸ್ ಟ್ರ್ಯಾಕ್ ಲಗೂನಾ ಸೆಕಾದಲ್ಲಿ ಎರಡು ಟ್ರ್ಯಾಕ್ ಡೇ (ಸ್ವಂತ ಗಾಡಿಯನ್ನು ಟ್ರ್ಯಾಕಿನಲ್ಲಿ ಓಡಿಸುವ ದಿನ), ಮುಂದಿನ ಟೈರುಗಳ ಹೊರ ಅಂಚು ಬೋಳು, ಒಳ ಅಂಚು ಹೊಸದರಂತೆ ಅಂದಿದ್ದೀರಿ. ಅರ್ಧ ಉತ್ತರ ಅಲ್ಲೇ ಇದೆ: ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೆ ವಾಲಿರುವ ಕೋನ) ಸಾಲದು. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಚಕ್ರದ ಭಾರವೆಲ್ಲ ಹೊರ ಅಂಚಿನ ಮೇಲೇ ಬೀಳುತ್ತಿದೆ. ಗಾಳಿ ಜಾಸ್ತಿ ತುಂಬಿ ಇದನ್ನು ಮರೆಮಾಚಬಹುದು ಅಷ್ಟೆ.

ರಸ್ತೆ ಟೈರಿನಲ್ಲಿ ನಾನಾದರೆ ಇಲ್ಲಿಂದ ಶುರು ಮಾಡುತ್ತೇನೆ: ಕ್ಯಾಂಬರ್ ಮುಂದೆ ಮೈನಸ್ 2.2 ಡಿಗ್ರಿ, ಹಿಂದೆ ಮೈನಸ್ 1.8. ಮುಂದೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಸೊನ್ನೆ. ಹಿಂದೆ ಎರಡೂ ಚಕ್ರ ಸೇರಿ ಸುಮಾರು 1.5 ಮಿ.ಮೀ. ಟೋ-ಇನ್ (ಚಕ್ರಗಳ ಮುಂದಿನ ಅಂಚು ಒಳಕ್ಕೆ). ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟೀರಿಂಗ್ ಅಕ್ಷದ ಓರೆ) 5 ಡಿಗ್ರಿ ಆಸುಪಾಸು ಸಾಕು, ಎಡಬಲ ಸಮ ಇರಲಿ. ಗಾಡಿ ಕಂಪನಿಯ ಎತ್ತರದಲ್ಲೇ ಇದ್ದರೆ ಮುಂದೆ 2 ಡಿಗ್ರಿ ಮುಟ್ಟುವುದು ಕಷ್ಟ, 25–30 ಮಿ.ಮೀ. ಇಳಿಸಿದರೆ ಸಿಗುತ್ತದೆ. ಕ್ಯಾಂಬರ್, ಕ್ಯಾಸ್ಟರ್ ಎರಡೂ ಒಟ್ಟಿಗೆ ದಕ್ಕದಿದ್ದರೆ ಕ್ಯಾಸ್ಟರ್ ಬಿಟ್ಟುಕೊಡಿ.

ಮುಂದೆ ಸ್ವಲ್ಪ ಟೋ-ಔಟ್ (ಮುಂದಿನ ಅಂಚು ಹೊರಕ್ಕೆ) ಇದ್ದರೆ ಗಾಡಿ ಚುರುಕಾಗಿ ತಿರುಗುತ್ತದೆ, ನಿಜ. ಆದರೆ ಅದೇ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿಕೊಂಡು ಟ್ರ್ಯಾಕಿಗೆ ಹೋಗುವವರಿಗೆ ಬೇಡ. ಒಳ ಅಂಚನ್ನು ಬೇಗ ತಿನ್ನುವುದು ಕ್ಯಾಂಬರ್ ಅಲ್ಲ, ಟೋ. ಹಿಂದೆ ಟೋ-ಔಟ್ ಬೇಡವೇ ಬೇಡ: ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಡಿ ಗಿರ್ರನೆ ತಿರುಗಿ ನಿಲ್ಲುತ್ತದೆ.

ಮನೆಯಲ್ಲಿ ಖಂಡಿತ ಮಾಡಬಹುದು. ಮೊದಲು ನೆಲ ನೋಡಿ. ಎಡಬಲ ಚಕ್ರಗಳ ನಡುವೆ ನೆಲ 2.5 ಮಿ.ಮೀ. ಓರೆಯಿದ್ದರೂ ಕ್ಯಾಂಬರ್ ಅಳತೆ 0.1 ಡಿಗ್ರಿ ತಪ್ಪುತ್ತದೆ. ತಗ್ಗಿದ ಕಡೆ ಹಲಗೆ ಕೊಟ್ಟು ಸಮ ಮಾಡಿ. ಪ್ರತಿ ಚಕ್ರದಡಿ ಎರಡು ತಗಡು, ನಡುವೆ ಗ್ರೀಸ್. ಇಲ್ಲದಿದ್ದರೆ ಟೈರು ನೆಲಕ್ಕೆ ಕಚ್ಚಿಕೊಂಡು, ಬೋಲ್ಟ್ ತಿರುಗಿಸಿದರೂ ಚಕ್ರ ಪೂರ್ತಿ ಸರಿಯುವುದಿಲ್ಲ. ಟೈರಿನ ಗಾಳಿ ಸರಿಮಾಡಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇರಲಿ, ಡ್ರೈವರ್ ಸೀಟಿನಲ್ಲಿ ನಿಮ್ಮಷ್ಟೇ ತೂಕದ ಮೂಟೆ ಇಡಿ. ಎರಡು ಸೀಟಿನ ಹಗುರ ಗಾಡಿಯಲ್ಲಿ ಅದರಿಂದ ವ್ಯತ್ಯಾಸ ಕಾಣುತ್ತದೆ.

ಈ ಗಾಡಿಯ ನಾಲ್ಕೂ ಕಡೆ ಕೆಳಗಿನ ಆರ್ಮಿಗೆ (ಚಕ್ರವನ್ನು ಗಾಡಿಗೆ ಜೋಡಿಸುವ ತೋಳು) ಎರಡೆರಡು ಕ್ಯಾಮ್ ಬೋಲ್ಟ್ (ತಿರುಗಿಸಿದರೆ ಆರ್ಮನ್ನು ಸರಿಸುವ ಬೋಲ್ಟ್) ಇವೆ. ಮುಂದೆ, ಆರ್ಮಿನ ಎರಡೂ ತುದಿ ಸಮನಾಗಿ ಒಂದೇ ಕಡೆ ಸರಿದರೆ ಕ್ಯಾಂಬರ್ ಬದಲಾಗುತ್ತದೆ, ಒಂದು ಹೊರಗೆ ಇನ್ನೊಂದು ಒಳಗೆ ಸರಿದರೆ ಕ್ಯಾಸ್ಟರ್. ಹಿಂದೆ ಅದೇ ಜೋಡಿ ಕ್ಯಾಂಬರ್, ಟೋ ಎರಡನ್ನೂ ನಿರ್ಧರಿಸುತ್ತದೆ. ಮುಂದಿನ ಟೋ ಮಾತ್ರ ಟೈ ರಾಡಿನಲ್ಲಿ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು). ಹಿಂದಿನದು ಮುಗಿಸಿ ಮುಂದಕ್ಕೆ ಬನ್ನಿ. ಟೋ ಯಾವಾಗಲೂ ಕೊನೆಗೆ, ಏಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಕೆಡುತ್ತದೆ.

ಟೋ ಅಳೆಯಲು ದಾರ ಸಾಕು. ಗಾಡಿಯ ಎರಡೂ ಪಕ್ಕ ಸ್ಟ್ಯಾಂಡ್ ಇಟ್ಟು, ಹಬ್ಬಿನ (ಚಕ್ರದ ನಡುಭಾಗ) ಮಟ್ಟದಲ್ಲಿ ಒಂದಕ್ಕೊಂದು ಸಮಾಂತರವಾಗಿ ದಾರ ಬಿಗಿಯಿರಿ. ಹಿಂದಿನ ಚಕ್ರಗಳು ಮುಂದಿನವಕ್ಕಿಂತ ತುಸು ಅಗಲಕ್ಕಿವೆ, ಹಾಗಾಗಿ ದಾರದಿಂದ ಮುಂದಿನ ಮತ್ತು ಹಿಂದಿನ ಹಬ್ಬಿನ ದೂರ ಒಂದೇ ಆಗಬಾರದು. ಎಡಕ್ಕೂ ಬಲಕ್ಕೂ ಒಂದೇ ಆಗಬೇಕು. ಬಹಳ ಮಂದಿ ಇಲ್ಲೇ ಎಡವುತ್ತಾರೆ. ಸ್ಟೀರಿಂಗ್ ನೇರ ಕಟ್ಟಿಹಾಕಿ ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ. 400 ಮಿ.ಮೀ. ವ್ಯಾಸದ ರಿಮ್ಮಿನಲ್ಲಿ 0.7 ಮಿ.ಮೀ. ವ್ಯತ್ಯಾಸ ಅಂದರೆ 0.1 ಡಿಗ್ರಿ.

ಇಷ್ಟು ಹಳೆಯ ಗಾಡಿಯಲ್ಲಿ ಕ್ಯಾಮ್ ಬೋಲ್ಟ್ ಬುಶ್ಶಿನೊಳಗೆ (ಆರ್ಮಿನ ಕೀಲಿನಲ್ಲಿರುವ ರಬ್ಬರಿನ ತೋಳು) ತುಕ್ಕು ಹಿಡಿದು ಕಚ್ಚಿಕೊಂಡಿರುವುದು ಮಾಮೂಲು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಅಲುಗದ ಬೋಲ್ಟಿಗೆ ಉದ್ದದ ಪೈಪ್ ಹಾಕಿ ತಿರುಗಿಸಿದರೆ ತಿರುಗುವುದು ಬುಶ್ಶಿನ ರಬ್ಬರು, ಅದು ಹರಿಯುತ್ತದೆ. ಬಗ್ಗದಿದ್ದರೆ ಬೋಲ್ಟ್ ಕತ್ತರಿಸಿ, ಬೋಲ್ಟೂ ಬುಶ್ಶೂ ಹೊಸದು ಹಾಕಬೇಕು. ನಟ್ಟುಗಳ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ. ಜಾಕಿನ ಮೇಲಿದ್ದಾಗ ಬಿಗಿದರೆ ರಬ್ಬರು ತಿರುಚಿಕೊಂಡು ಉಳಿಯುತ್ತದೆ, ಎತ್ತರ ಸರಿಯಾಗಿ ಕೂರುವುದಿಲ್ಲ.

ಮುಗಿದ ಮೇಲೆ ಕ್ಯಾಮ್‌ಗಳ ಮೇಲೆ ಬಣ್ಣದ ಗೆರೆ ಎಳೆಯಿರಿ. ಟ್ರ್ಯಾಕಿನಲ್ಲಿ ಜೋರಾಗಿ ಓಡಿಸಿದ ಸುತ್ತಿನಿಂದ ನೇರ ಪಿಟ್ಟಿಗೆ ಬಂದು ಟೈರಿನ ಒಳ, ನಡು, ಹೊರಭಾಗದ ಶಾಖ ಅಳೆಯಿರಿ. ಒಳಭಾಗ ಹೊರಗಿಗಿಂತ 5ರಿಂದ 8 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಸರಿ. ಹೊರಭಾಗವೇ ಬಿಸಿಯಿದ್ದರೆ ಇನ್ನೂ ಕ್ಯಾಂಬರ್ ಬೇಕು. ನಡು ಬಿಸಿಯಿದ್ದರೆ ಗಾಳಿ ಇಳಿಸಿ. ಲಗೂನಾ ಸೆಕಾ ಅಪ್ರದಕ್ಷಿಣವಾಗಿ ಸುತ್ತುವ ಟ್ರ್ಯಾಕ್, ಹೆಚ್ಚು ದುಡಿಯುವುದು ಬಲಗಡೆಯ ಟೈರುಗಳು. ಕ್ಯಾಂಬರ್ ನಿರ್ಧರಿಸುವಾಗ ಅವುಗಳ ಅಂಕಿಯನ್ನೇ ನಂಬಿ. ಆಗಲೇ ಬಣ್ಣದ ಗೆರೆಗಳನ್ನೂ ನೋಡಿ: ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬು) ಹತ್ತಿಳಿದಾಗ ಕ್ಯಾಮ್ ಜಾರಿದ್ದರೆ ಗೆರೆ ಮುರಿದಿರುತ್ತದೆ.