ಕಲಿಕೆಗೆ ಮೊದಲ ಆಸಿಲೋಸ್ಕೋಪ್: ಕಡಿಮೆ ಹಣದಲ್ಲಿ ಯಾವುದನ್ನು ಕೊಳ್ಳಬೇಕು?

ಆಸಿಲೋಸ್ಕೋಪ್ ಎಂದರೆ ವಿದ್ಯುತ್ ಸಂಕೇತದ ಏರಿಳಿತವನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವ ಉಪಕರಣ. ಎರಡು ಚಾನೆಲ್‌ಗಳಿರುವ (ಅಂದರೆ ಎರಡು ಸಂಕೇತಗಳನ್ನು ಒಟ್ಟಿಗೆ ತೋರಿಸುವ), ಕನಿಷ್ಠ 50 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ನ ಸಾಧಾರಣ ಡಿಜಿಟಲ್ ಆಸಿಲೋಸ್ಕೋಪ್ ಕಲಿಯುವವರಿಗೆ ಧಾರಾಳವಾಗಿ ಸಾಕು.

ಬ್ಯಾಂಡ್‌ವಿಡ್ತ್ ಎಂದರೆ ಉಪಕರಣಕ್ಕೆ ಹೇಳಿರುವ ಆವರ್ತನದ (ಸೆಕೆಂಡಿಗೆ ಎಷ್ಟು ಅಲೆಗಳು ಎಂಬುದರ) ಮಿತಿ; ಆ ಮಿತಿಯವರೆಗೂ ಎಲ್ಲವೂ ಸರಿಯಾಗಿ ಕಾಣುತ್ತದೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಆ ಆವರ್ತನವನ್ನು ಮುಟ್ಟುವ ಹೊತ್ತಿಗೆ ಪರದೆಯ ಮೇಲಿನ ಅಲೆಯ ಎತ್ತರವು ನಿಜವಾದುದರ ಸುಮಾರು ಶೇಕಡ 70ಕ್ಕೆ ಇಳಿದಿರುತ್ತದೆ. ಡಿಜಿಟಲ್ ಸಂಕೇತಗಳಂತೆ ಥಟ್ಟನೆ ಏರಿ ಥಟ್ಟನೆ ಇಳಿಯುವ ಚೌಕ ತರಂಗದಲ್ಲಿ ಇದರ ಪರಿಣಾಮ ಇನ್ನೂ ಹೆಚ್ಚು. 10 ಮೆಗಾಹರ್ಟ್ಸ್‌ನ ಚೌಕ ತರಂಗವು 10, 30, 50, 70 ಮೆಗಾಹರ್ಟ್ಸ್ ಹೀಗೆ ಬೆಸ ಗುಣಕಗಳ ಸೈನ್ ತರಂಗಗಳು (ನಯವಾಗಿ ಏರಿಳಿಯುವ ಸರಳ ಅಲೆಗಳು) ಕೂಡಿ ಆದದ್ದು. ಅದನ್ನು 20 ಮೆಗಾಹರ್ಟ್ಸ್‌ನ ಉಪಕರಣದಲ್ಲಿ ನೋಡಿದರೆ ಮೇಲಿನ ಆವರ್ತನಗಳು ಬಹುಮಟ್ಟಿಗೆ ಕ್ಷೀಣಿಸಿ, ಚೂಪಾದ ಮೂಲೆಗಳು ದುಂಡಗಾಗಿ, ಸರ್ಕ್ಯೂಟ್‌ನಲ್ಲೇ ದೋಷವಿದೆಯೆಂಬ ಭ್ರಮೆ ಹುಟ್ಟುತ್ತದೆ. ಆದ್ದರಿಂದ ನೋಡಬೇಕಾದ ಡಿಜಿಟಲ್ ಸಂಕೇತದ ಆವರ್ತನದ ಐದು ಪಟ್ಟಾದರೂ ಬ್ಯಾಂಡ್‌ವಿಡ್ತ್ ಇರಬೇಕು.

ಸೆಕೆಂಡಿಗೆ ಎಷ್ಟು ಬಾರಿ ಅಳೆಯುತ್ತದೆ ಎಂಬ ಸ್ಯಾಂಪಲ್ ದರವನ್ನೂ ಗಮನಿಸಿ. ಅಗ್ಗದ ಮಾದರಿಗಳಲ್ಲಿ ಎರಡೂ ಚಾನೆಲ್‌ಗಳನ್ನು ಬಳಸಿದಾಗ ಅದು ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತದೆ. ಹಾಗೆಂದು ಒಂದೇ ಚಾನೆಲ್‌ನ ಉಪಕರಣಕ್ಕೆ ಮನಸ್ಸು ಮಾಡಬೇಡಿ, ಏಕೆಂದರೆ ಆಂಪ್ಲಿಫೈಯರ್‌ಗೆ ಒಳಹೋಗುವ ಅಲೆಯನ್ನೂ ಹೊರಬರುವ ಅಲೆಯನ್ನೂ ಒಂದರ ಮೇಲೊಂದಿಟ್ಟು ನೋಡಿದಾಗಲೇ ನಿಜವಾದ ಕಲಿಕೆ ಆಗುತ್ತದೆ.

ಕೊನೆಯದಾಗಿ, ಬಹಳ ಮುಖ್ಯವಾದ ಮಾತು: ಗೋಡೆಯ ವಿದ್ಯುತ್ತಿನಿಂದ ನಡೆಯುವ ಆಸಿಲೋಸ್ಕೋಪ್‌ಗಳಲ್ಲಿ ಪ್ರೋಬ್‌ನ (ಸರ್ಕ್ಯೂಟ್‌ಗೆ ತಾಗಿಸಿ ಅಳೆಯುವ ತಂತಿಯ) ಗ್ರೌಂಡ್ ಕ್ಲಿಪ್ ಸಾಮಾನ್ಯವಾಗಿ ನೇರವಾಗಿ ಭೂಸಂಪರ್ಕದಲ್ಲಿರುತ್ತದೆ, ಆದುದರಿಂದ ಮನೆಯ ಮುಖ್ಯ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ ಸರ್ಕ್ಯೂಟ್‌ಗೆ ಅದನ್ನು ಎಂದಿಗೂ ತಾಗಿಸಬಾರದು.