ಧಾರವಾಡ ‘ದಾರವಾಡ’ ಆಗದಿರಲಿ

ಪ್ರಶ್ನೆ: ನಾನು ಬ್ಯಾಡಗಿಯವಳು. ಹುಬ್ಬಳ್ಳಿಯಲ್ಲಿ ಡಿಸೈನ್ ಓದುತ್ತಿದ್ದೇನೆ, ಇದು ಕೊನೆಯ ವರ್ಷ. ನಮ್ಮೂರಿನ ಮೆಣಸಿನಕಾಯಿ ಬಗ್ಗೆ ಒಂದು ಇನ್ಫೋಗ್ರಾಫಿಕ್, ಈ ಭಾಗದ ಊರ ಹೆಸರುಗಳನ್ನು ಇಟ್ಟುಕೊಂಡು ಒಂದು ಅಕ್ಷರ ಪೋಸ್ಟರ್ ಮಾಡುತ್ತಿದ್ದೇನೆ. ಮೊದಲು ಇಂಗ್ಲಿಷ್‌ನಲ್ಲಿ ಮಾಡಿದೆ, ಚೆನ್ನಾಗಿ ಬಂತು. ಅದೇ ಜಾಗಕ್ಕೆ ಕನ್ನಡ ಹಾಕಿದರೆ ಎಲ್ಲ ಇಕ್ಕಟ್ಟಾಗಿ ಕಾಣುತ್ತದೆ. ಒತ್ತಕ್ಷರಗಳು ಒಡೆದುಹೋಗುತ್ತವೆ. ದರ ಏರಿದ್ದನ್ನು ತೋರಿಸಲು ಸಣ್ಣ ಮೆಣಸಿನಕಾಯಿ, ದೊಡ್ಡ ಮೆಣಸಿನಕಾಯಿ ಬಿಡಿಸಿದ್ದೇನೆ. ಅದು ತಪ್ಪು ಅಂತ ಗೆಳತಿ ಹೇಳುತ್ತಾಳೆ. ಎಲ್ಲಿಂದ ಸರಿಪಡಿಸಲಿ ಮೇಡಂ?

ಉತ್ತರ: ತೊಂದರೆಯ ಬೇರು ನಿಮ್ಮ ಪತ್ರದಲ್ಲೇ ಇದೆ. ‘ಮೊದಲು ಇಂಗ್ಲಿಷ್‌ನಲ್ಲಿ ಮಾಡಿದೆ’ ಅಂದಿದ್ದೀರಿ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ತೆಗೆದು ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿದರೆ ಬಿಗಿಯಾಗುವುದು ಸಹಜ ಅಲ್ವಾ? ಹಳೆಯ ಫೈಲ್ ಪಕ್ಕಕ್ಕಿಡಿ. ಖಾಲಿ ಹಾಳೆಯ ಮೇಲೆ ಕನ್ನಡದ ಸಾಲುಗಳನ್ನೇ ಮೊದಲು ಕೂರಿಸಿ. ಚಿತ್ರ, ಬಣ್ಣ, ಚೌಕಟ್ಟು ಎಲ್ಲ ಆಮೇಲೆ.

ಕನ್ನಡ ಅಕ್ಷರ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಬೆಳೆಯುತ್ತದೆ. ಮೇಲೆ ಗುಡಿಸು, ಏತ್ವ. ಕೆಳಗೆ ಒತ್ತು. ‘ಕಟ್ಟೆ’ ಎಂದು ಒಂದು ಸಾಲಿನಲ್ಲಿ ಬರೆದು, ಅದರ ಕೆಳಗೇ ‘ಕಡ್ಡಿ’ ಎಂದು ಬರೆದು ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. 12 ಪಾಯಿಂಟ್ ಅಕ್ಷರಕ್ಕೆ ನಿಮ್ಮ ಸಾಫ್ಟ್‌ವೇರ್ ತಾನಾಗಿಯೇ ಕೊಡುವ ಸಾಲಿನ ಅಂತರ 14.4 ಪಾಯಿಂಟ್. ಇಂಗ್ಲಿಷ್‌ಗೆ ಅದು ಸಾಕು. ಕನ್ನಡಕ್ಕೆ ನಾನು 18ಕ್ಕಿಂತ ಕಡಿಮೆ ಕೊಡುವುದಿಲ್ಲ. ಜಾಗ ಸಾಲದಿದ್ದರೆ ಮಾತು ಕಡಿಮೆ ಮಾಡಿ, ಅಂತರ ಕಡಿಮೆ ಮಾಡಬೇಡಿ.

ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಅಕ್ಷರಗಳನ್ನು ದೂರ ದೂರ ಇಡುವ ರೂಢಿ ಇದೆ. ಅದನ್ನು ಕನ್ನಡಕ್ಕೆ ತರಬೇಡಿ. ‘ಮಾರ್ಗ’ ಎಂಬ ಪದದ ಅರ್ಕಾವತ್ತು, ‘ಬೀಜ’ದ ದೀರ್ಘ ತಮ್ಮ ಅಕ್ಷರಕ್ಕೆ ಅಂಟಿಕೊಂಡೇ ಇರಬೇಕು. ಎಳೆದರೆ ಅವು ಬೇರೆಯದೇ ಅಕ್ಷರದ ಹಾಗೆ ಒಂಟಿಯಾಗಿ ನಿಲ್ಲುತ್ತವೆ.

ಇನ್ನು ದಪ್ಪ ಅಕ್ಷರದ ವಿಷಯ. ಇದು ನನಗೆ ತುಂಬ ಹತ್ತಿರದ್ದು. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಡ ಮತ್ತು ಢ: ಈ ಜೋಡಿಗಳ ನಡುವೆ ಇರುವುದು ಬುಡದ ಒಂದು ಸಣ್ಣ ಗೀಟು ಮಾತ್ರ. ಸಣ್ಣ ಗಾತ್ರದಲ್ಲಿ ತೀರಾ ದಪ್ಪ ಅಕ್ಷರ ಬಳಸಿದರೆ ಶಾಯಿ ಹರಡಿ ಆ ಗೀಟು ಮುಚ್ಚಿಹೋಗುತ್ತದೆ. ಫ್ಲೆಕ್ಸ್ ಮೇಲಂತೂ ಇನ್ನೂ ಜಾಸ್ತಿ. ಆಗ ಧಾರವಾಡ ‘ದಾರವಾಡ’ ಆಗುತ್ತದೆ. ನಿಮ್ಮ ಪೋಸ್ಟರ್ ಊರ ಹೆಸರುಗಳದ್ದೇ ಆದ್ದರಿಂದ ಇದನ್ನು ಮೊದಲು ಪರೀಕ್ಷೆ ಮಾಡಿ. ನಿಜವಾದ ಗಾತ್ರದಲ್ಲಿ ಒಂದು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, 10 ಅಡಿ ದೂರ ನಿಂತು ಓದಿ. ಅಷ್ಟು ದೂರದಿಂದ ಸಲೀಸಾಗಿ ಓದಲು ಶೀರ್ಷಿಕೆಯ ಅಕ್ಷರ ಸುಮಾರು 1 ಇಂಚು ಎತ್ತರ ಇರಬೇಕು.

ಒತ್ತು ಒಡೆಯುವುದಕ್ಕೆ ಎರಡು ಕಾರಣ ಇರಬಹುದು. ಒಂದು, ನೀವು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟ್‌ನಲ್ಲಿ ಟೈಪ್ ಮಾಡಿರುವುದು. ಆ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಬದಲಿಸಿದ ಕೂಡಲೇ ಅರ್ಥವಿಲ್ಲದ ಇಂಗ್ಲಿಷ್ ಕಾಣುತ್ತದೆ. ಆ ಪಠ್ಯವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಿ, ಮುಂದೆ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಎರಡು, ಸಾಫ್ಟ್‌ವೇರ್‌ನ ಸೆಟ್ಟಿಂಗ್. ಇಲಸ್ಟ್ರೇಟರ್‌ನಲ್ಲಿ ‘ಸೌತ್ ಏಷ್ಯನ್’ ಕಂಪೋಸರ್, ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಿದರೆ ಒತ್ತು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಈ ಗೋಜೇ ಇಲ್ಲ. ಅದು ಉಚಿತವೂ ಹೌದು.

ಫೈಲ್ ಪ್ರೆಸ್‌ಗೆ ಹೋದ ಮೇಲೂ ಅಪಾಯ ಇದೆ. ಹಲವು ವರ್ಷಗಳ ಹಿಂದೆ ಒಂದು ಪ್ರದರ್ಶನಕ್ಕಾಗಿ ನಾನು 40 ಫಲಕ ಮಾಡಿದ್ದೆ. ಪ್ರೆಸ್‌ನ ಕಂಪ್ಯೂಟರ್‌ನಲ್ಲಿ ನನ್ನ ಫಾಂಟ್ ಇರಲಿಲ್ಲ. ‘ಪ್ರಾಥಮಿಕ’ ಎಂಬುದು ‘ಪ್‌ರಾಥಮಿಕ’ ಎಂದು ಅಚ್ಚಾಗಿ ಬಂತು, ಉದ್ಘಾಟನೆಯ ಹಿಂದಿನ ರಾತ್ರಿ. ಫಲಕ ನೋಡಲು ಬರುವವರು ಶಾಲೆಯ ಮಕ್ಕಳು. ತಪ್ಪು ಕನ್ನಡ ಅವರ ಕಣ್ಣಿಗೆ ಬೀಳಬಾರದು ಎಂದು ಅಷ್ಟನ್ನೂ ಮತ್ತೆ ಪ್ರಿಂಟ್ ಹಾಕಿಸಿದೆವು. ಈ ಕಡೆಯ ಪ್ರೆಸ್‌ನವರು ‘ಕರ್ವ್ ಮಾಡಿ ಕಳಿಸ್ರೀ’ ಅನ್ನುತ್ತಾರಲ್ಲ, ಅದು ಇದಕ್ಕೇ. ಅಕ್ಷರಗಳನ್ನು ರೇಖೆಗಳಾಗಿ ಬದಲಿಸಿ ಕಳಿಸಿದರೆ ಅಲ್ಲಿ ಫಾಂಟ್ ಇರಲಿ ಬಿಡಲಿ, ಅಕ್ಷರ ಹಾಗೇ ಉಳಿಯುತ್ತದೆ. ತಿದ್ದಲು ಬರುವ ಮೂಲ ಫೈಲ್ ಒಂದು ನಿಮ್ಮ ಹತ್ತಿರ ಇರಲಿ.

ಈಗ ಮೆಣಸಿನಕಾಯಿ. ನಿಮ್ಮ ಗೆಳತಿ ಹೇಳಿದ್ದು ಸರಿ. ದರ ಎರಡು ಪಟ್ಟಾಯಿತು ಅಂತ ಚಿತ್ರದ ಎತ್ತರವನ್ನು ಎರಡು ಪಟ್ಟು ಮಾಡುತ್ತೀರಿ. ಆಗ ಅಗಲವೂ ಎರಡು ಪಟ್ಟಾಗುತ್ತದೆ. ಹಾಳೆಯ ಮೇಲೆ ಅದು ತುಂಬುವ ಜಾಗ ನಾಲ್ಕು ಪಟ್ಟು. ಕಣ್ಣು ಅಳೆಯುವುದು ಆ ಜಾಗವನ್ನೇ. 1920ರ ದಶಕದಲ್ಲಿ ವಿಯೆನ್ನಾದಲ್ಲಿ ತತ್ವಜ್ಞಾನಿ ಒಟ್ಟೊ ನ್ಯೂರಾಥ್ ಮತ್ತು ಅವರ ಜೊತೆಗಾರರು ಇದಕ್ಕೆ ಸರಳ ದಾರಿ ಹುಡುಕಿದರು. ಚಿತ್ರ ದೊಡ್ಡದು ಮಾಡಬೇಡಿ, ಅದೇ ಗಾತ್ರದ ಚಿತ್ರವನ್ನು ಮತ್ತೆ ಮತ್ತೆ ಇಡಿ. ಮುಂದೆ ಇದಕ್ಕೆ ಐಸೊಟೈಪ್ ಎಂದು ಹೆಸರಾಯಿತು. ಮಾರುಕಟ್ಟೆಗೆ ಎಷ್ಟು ಮಾಲು ಬಂತು ಎಂದು ತೋರಿಸಲು ಇದು ಬಹಳ ಚೆನ್ನಾಗಿ ಹೊಂದುತ್ತದೆ. ಒಂದು ಚೀಲದ ಚಿತ್ರ ಅಂದರೆ 10,000 ಚೀಲ ಎಂದು ಇಟ್ಟುಕೊಳ್ಳಿ. ರೈತರು ಬೆರಳಿಟ್ಟು ಎಣಿಸಬಹುದು.

ದರಕ್ಕೆ ಚಿತ್ರ ಬೇಡ, ಗೆರೆ ಸಾಕು. ಕಂಬ ಹಾಕುವುದೇ ಆದರೆ ಸೊನ್ನೆಯಿಂದಲೇ ಎಬ್ಬಿಸಿ. ಉದಾಹರಣೆಗೆ ಕ್ವಿಂಟಲ್‌ಗೆ 40,000 ರೂಪಾಯಿ ಇದ್ದದ್ದು 44,000 ಆಯಿತು ಅನ್ನಿ. ಏರಿದ್ದು 10 ಪರ್ಸೆಂಟ್. ಕಂಬವನ್ನು 38,000ದಿಂದ ಶುರು ಮಾಡಿದರೆ ಎರಡನೆಯದು ಮೊದಲನೆಯದಕ್ಕಿಂತ ಮೂರು ಪಟ್ಟು ಎತ್ತರ ಕಾಣುತ್ತದೆ. ಅದನ್ನು ನಂಬಿ ಯಾರೋ ಒಬ್ಬರು ಮಾಲು ಹಿಡಿದಿಟ್ಟರೆ? ಹಾಗೆಯೇ ಗರಿಷ್ಠ ದರ ಒಂದನ್ನೇ ಹಾಕಬೇಡಿ. ಅದು ಕೆಲವೇ ಚೀಲಗಳಿಗೆ ಸಿಕ್ಕಿರುತ್ತದೆ. ಹೆಚ್ಚು ಮಾಲು ಯಾವ ದರಕ್ಕೆ ಹೋಯಿತು ಎಂಬುದನ್ನು ಎಪಿಎಂಸಿ ಲೆಕ್ಕದಲ್ಲಿ ನೋಡಿ ಅದನ್ನೂ ಪಕ್ಕದಲ್ಲಿ ತೋರಿಸಿ.

ಇನ್ನೊಂದು ಮಾತು. ‘ಬ್ಯಾಡಗಿ ಮೆಣಸಿನಕಾಯಿ’ ಎಂಬುದು ವಿಷಯ, ಪ್ರಶ್ನೆ ಅಲ್ಲ. ಇನ್ಫೋಗ್ರಾಫಿಕ್‌ಗೆ ಒಂದು ಪ್ರಶ್ನೆ ಬೇಕು. ‘ಡಬ್ಬಿಗೂ ಕಡ್ಡಿಗೂ ಏನು ವ್ಯತ್ಯಾಸ?’ ಎಂದು ಕೇಳಿಕೊಳ್ಳಿ. ಇವು ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ. ಡಬ್ಬಿ ಗಿಡ್ಡ, ಗುಂಡಗೆ. ಕಡ್ಡಿ ಉದ್ದ, ತೆಳ್ಳಗೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಬೆಲೆ ಏಕೆ, ಅದರಿಂದ ತೆಗೆದ ಬಣ್ಣ ಎಲ್ಲೆಲ್ಲಿ ಹೋಗುತ್ತದೆ, 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದ್ದು, ಎಲ್ಲವೂ ಆ ಒಂದು ಪ್ರಶ್ನೆಯ ಸುತ್ತ ಬಂದು ಕೂರುತ್ತವೆ. ಕೆಂಪು ಬಣ್ಣವನ್ನು ಮೆಣಸಿನಕಾಯಿಗೆ ಮಾತ್ರ ಇಡಿ. ಹಿನ್ನೆಲೆಗೂ ಶೀರ್ಷಿಕೆಗೂ ಸುಮ್ನೆ ಕೆಂಪು ಬಳಿದರೆ ಹೀರೋ ಯಾರು ಎಂದೇ ತಿಳಿಯುವುದಿಲ್ಲ.

ಪ್ರಶ್ನೆ: ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದ ಎಂದು ತೋರಿಸುವ ಚಿತ್ರ ಮಾಡಿದ್ದೇನೆ. ಮೊದಲು ಈ ದಾಖಲೆ ಇದ್ದ ಗೋರಖ್‌ಪುರದ ಜೊತೆ ಹೋಲಿಸಿದೆ. ಎರಡು ಪಟ್ಟಿಗಳೂ ಒಂದೇ ಥರ ಕಾಣುತ್ತವೆ. ಏನು ಮಾಡಲಿ? ಯಾವ ಉಚಿತ ಫಾಂಟ್ ಬಳಸಲಿ?

ಉತ್ತರ: ಹುಬ್ಬಳ್ಳಿಯದು 1,507 ಮೀಟರ್, ಗೋರಖ್‌ಪುರದ್ದು 1,366. ಒಂದೇ ಥರ ಕಾಣುವುದು ಸರಿಯೇ, ವ್ಯತ್ಯಾಸ 141 ಮೀಟರ್ ಮಾತ್ರ. ಅದನ್ನು ಹಿಗ್ಗಿಸಬೇಡಿ. ಹೋಲಿಕೆಯನ್ನೇ ಬದಲಿಸಿ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೆ ಈ ತುದಿಯಿಂದ ಆ ತುದಿಗೆ 18 ನಿಮಿಷ ಬೇಕು. ಕೈಯಲ್ಲಿ ಚೀಲ, ಜೊತೆಗೆ ಅಜ್ಜಿ ಇದ್ದರೆ ಇನ್ನೂ ಹೊತ್ತು. ಪ್ಲಾಟ್‌ಫಾರ್ಮ್ ಉದ್ದಕ್ಕೂ ನಿಮಿಷಗಳ ಗುರುತು ಹಾಕಿ, ನೋಡಿದವರಿಗೆ ಕಾಲು ನೋವೇ ನೆನಪಾಗುತ್ತದೆ.

ಫಾಂಟ್‌ಗೆ ನೊಟೊ ಸ್ಯಾನ್ಸ್ ಕನ್ನಡ ಸಣ್ಣ ಗಾತ್ರಕ್ಕೆ ನಂಬಬಹುದಾದದ್ದು. ಫಾಂಟ್ ತಯಾರಿಸುವ ಏಕ್ ಟೈಪ್ ಸಂಸ್ಥೆಯವರ ‘ಅನೇಕ್ ಕನ್ನಡ’ದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಬದಲಿಸಬಹುದು. ಚಾರ್ಟ್‌ನ ಇಕ್ಕಟ್ಟಾದ ಜಾಗಗಳಿಗೆ ನನ್ನ ಆಯ್ಕೆ ಅದೇ. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಎಂಬ ಹೆಸರಿನ ಫಾಂಟೇ ಇದೆ. ಒಂದೇ ದಪ್ಪದ ರೇಖೆಯ ಸರಳ ಅಕ್ಷರ. ನಿಲ್ದಾಣದ ಹೆಸರಿಗೆ ಅದನ್ನು ಹಾಕಿ ನೋಡಿ, ಚಂದ ಕಾಣುತ್ತದೆ.

ಪ್ರಶ್ನೆ: ಗದಗಿನಿಂದ ಬರೆಯುತ್ತಿದ್ದೇನೆ. ನಾನೇ ಒಂದು ಕನ್ನಡ ಫಾಂಟ್ ಮಾಡಬೇಕೆಂಬ ಆಸೆ. ಹೇಗೆ ಶುರು ಮಾಡಲಿ?

ಉತ್ತರ: ಮುದ್ರಣ ಕಾಶಿ ಎಂದು ಹೆಸರಾದ ಊರಿನಿಂದ ಈ ಆಸೆ ಬಂದಿದ್ದು ನನಗೆ ನಿಜವಾಗಿ ಖುಷಿ. ಕಂಪ್ಯೂಟರ್ ಈಗಲೇ ಬೇಡ. ಒಂದು ಬೆಳಿಗ್ಗೆ ಲಕ್ಕುಂಡಿಗೆ ಹೋಗಿ. ಓರೆ ಬಿಸಿಲು ಬಿದ್ದಾಗ ಶಾಸನದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ, ಆಗ ಫೋಟೊ ತೆಗೆಯಿರಿ. ಕಲ್ಲಿನ ಮೇಲೆ ಸುಣ್ಣ, ಪುಡಿ ಏನನ್ನೂ ಹಚ್ಚಬೇಡಿ. ಧಾರವಾಡದ ಕನ್ನಡ ಸಂಶೋಧನಾ ಪೀಠದ ಸಂಗ್ರಹಾಲಯವನ್ನೂ ನೋಡಿ. ಊರಿನ ಪೇಂಟರ್ ಬ್ರಷ್ ಹಿಡಿದು ಬೋರ್ಡ್ ಬರೆಯುವುದನ್ನು ಒಂದು ಮಧ್ಯಾಹ್ನ ಕೂತು ಗಮನಿಸಿ. ತಲೆಕಟ್ಟು ಎಲ್ಲಿ ಶುರುವಾಗುತ್ತದೆ, ಕೈ ಎಲ್ಲಿ ತಿರುಗುತ್ತದೆ ಎಂಬುದು ಅಲ್ಲೇ ತಿಳಿಯುವುದು.

ಆಮೇಲೆ ಬಿಡಿಸಲು ಕೂತಾಗ 49 ಅಕ್ಷರಗಳನ್ನು ಅಆಇಈ ಕ್ರಮದಲ್ಲಿ ಹಿಡಿಯಬೇಡಿ. ದ ಬಿಡಿಸಿದರೆ ಧ ಸಿಗುತ್ತದೆ. ವ ಬಂದರೆ ಪ, ಅದರಿಂದ ಫ ಮತ್ತು ಷ. ರ ಬಂದರೆ ಠ. ಹೀಗೆ ಮನೆತನ ನೋಡಿ ಬಿಡಿಸಿ. ಒತ್ತು, ಕಾಗುಣಿತ ಸೇರಿ ನೂರಾರು ಆಕಾರ ಮಾಡಬೇಕಾಗುತ್ತದೆ, ಅವಸರ ಬೇಡ. ಹತ್ತಿಪ್ಪತ್ತು ಅಕ್ಷರ ಆದ ಮೇಲೆ ನಿಮ್ಮ ಜಿಲ್ಲೆಯದೇ ಒಂದು ಊರ ಹೆಸರು ಬರೆಯಿರಿ: ಲಕ್ಷ್ಮೇಶ್ವರ. ಕ, ಅದಕ್ಕೆ ಷ ಒತ್ತು, ಅದಕ್ಕೂ ಮ ಒತ್ತು, ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ. ಎಲ್ಲ ಒಂದೇ ಅಕ್ಷರದಲ್ಲಿ. ಅದನ್ನು ನಾಲ್ಕೈದು ಥರ ಬರೆದು, ಆ ಹಾಳೆಯ ಫೋಟೊ ನನಗೆ ಕಳಿಸಿ.