ಪೇಟೆಂಟ್ ಅರ್ಜಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಡಿಕೆ ಸುಲಿಯುವ ಯಂತ್ರವೊಂದನ್ನು ಮಾಡಿದ್ದೇನೆ. ಪೇಟೆಂಟ್ ಅರ್ಜಿಯನ್ನು ಕನ್ನಡದಲ್ಲಿ ಸಲ್ಲಿಸಬಹುದೇ? ಎಲ್ಲಿಗೆ ಕಳಿಸಬೇಕು?
– ಶಿರಸಿಯ ಓದುಗರು

ಉತ್ತರ: ಬೇಸರದ ಸಂಗತಿ, ಆದರೂ ನಿಯಮ ಹಾಗಿದೆ: ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ನೀವೇ ಸಲ್ಲಿಸುವುದಾದರೆ ಕಾಗದದಲ್ಲೂ ಕೊಡಬಹುದು, ನಿಮ್ಮ ಪರವಾಗಿ ಸಲ್ಲಿಸುವ ಪೇಟೆಂಟ್ ಏಜೆಂಟರಾದರೋ ಆನ್‌ಲೈನ್‌ನಲ್ಲೇ ಸಲ್ಲಿಸಬೇಕು. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಕಾಗದಕ್ಕೆ 1,750. ಇದರಲ್ಲಿ 30 ಪುಟ, 10 ಕ್ಲೇಮು (ಯಂತ್ರದ ಯಾವ ಅಂಶಕ್ಕೆ ಹಕ್ಕು ಬೇಕೆಂದು ಹೇಳುವ ವಾಕ್ಯ) ಸೇರಿವೆ. ಮೀರಿದರೆ ಆನ್‌ಲೈನ್‌ನಲ್ಲಿ ಪುಟಕ್ಕೆ 160, ಕ್ಲೇಮಿಗೆ 320 ರೂಪಾಯಿ ಹೆಚ್ಚು.

ಹಾಳೆ ಎ4 ಅಳತೆಯದಿರಲಿ. ಮೇಲೆ ಮತ್ತು ಎಡಕ್ಕೆ ಕನಿಷ್ಠ 4 ಸೆಂ.ಮೀ., ಕೆಳಗೆ ಮತ್ತು ಬಲಕ್ಕೆ 3 ಸೆಂ.ಮೀ. ಅಂಚು ಬಿಡಿ. ನಕ್ಷೆಯಲ್ಲಿ ಹಲವರು ಎಡವುತ್ತಾರೆ: ಭಾಗಗಳ ಪಕ್ಕದಲ್ಲೇ ವಿವರಣೆ ಬರೆದುಬಿಡುತ್ತಾರೆ. ಅಲ್ಲಿ ಅಂಕಿ ಮಾತ್ರ ಇರಬೇಕು, ವಿವರಣೆ ನಮೂನೆ 2ರಲ್ಲಿ (ಆವಿಷ್ಕಾರದ ವಿವರಣೆ ಬರೆಯುವ ಫಾರಂ). ಸಾರಾಂಶ 150 ಪದ ಮೀರಬಾರದು.

ಪ್ರಶ್ನೆ: ಯಂತ್ರ ಇನ್ನೂ ಪೂರ್ತಿಯಾಗಿಲ್ಲ. ಕಾಯಬೇಕೇ?
– ತೀರ್ಥಹಳ್ಳಿಯ ಓದುಗರು

ಉತ್ತರ: ಬೇಡ. ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಳ್ಳಿ, ಯಾರು ಮೊದಲು ಎಂದು ನೋಡುವುದು ಅದರಿಂದಲೇ. ಅದಕ್ಕೆ ಕ್ಲೇಮು ಬೇಕಿಲ್ಲ. ಸಂಪೂರ್ಣ ವಿವರಣೆ 12 ತಿಂಗಳೊಳಗೆ ಬರದಿದ್ದರೆ ಅರ್ಜಿ ಕೈಬಿಟ್ಟಂತೆಯೇ. ಆದರೆ ಎರಡು ಸಾಲಿನಲ್ಲಿ ಮುಗಿಸಬೇಡಿ: ತಾತ್ಕಾಲಿಕದಲ್ಲಿ ಹೇಳದ ಬ್ಲೇಡಿನ ಜೋಡಣೆಯನ್ನು ಆಮೇಲೆ ಸೇರಿಸಿದರೆ, ಆ ಭಾಗಕ್ಕೆ ಹಳೆಯ ದಿನಾಂಕ ಸಿಗದು. ಇನ್ನೊಂದು ಮಾತು, ಅರ್ಜಿ ಹಾಕಿದ ಮಾತ್ರಕ್ಕೆ ಪೇಟೆಂಟ್ ಕೊಡಬಹುದೇ ಎಂಬ ಪರೀಕ್ಷೆ ನಡೆಯುವುದಿಲ್ಲ. ಅದಕ್ಕೆ ನಮೂನೆ 18ನ್ನು ಪ್ರತ್ಯೇಕವಾಗಿ, 31 ತಿಂಗಳೊಳಗೆ ಕೊಡಬೇಕು.